ಎದೆ ಒಡೆಯಿತು ಅನ್ನೋದು ಬರೀ ಮಾತಲ್ಲ

ಅಕ್ಟೋಬರ್ 29 ಬಂದಾಗಲೆಲ್ಲ ನನಗೆ ಒಂದು ಸ್ಕ್ರಾಲ್ ನೆನಪಾಗುತ್ತೆ. ಟಿವಿ ಪರದೆಯ ಕೆಳಗೆ ಓಡುತ್ತಲ್ಲ, ಆ ಒಂದು ಸಾಲಿನ ಸುದ್ದಿ.

2021. ಪುನೀತ್ ರಾಜ್‌ಕುಮಾರ್ ಇನ್ನಿಲ್ಲ. ವಯಸ್ಸು 46. ಬೆಳಗ್ಗೆ ಆರಾಮಾಗಿದ್ದ ಮನುಷ್ಯ ಮಧ್ಯಾಹ್ನ ಇಲ್ಲ. ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು, ನಾವು ಕ್ಯಾಮೆರಾ ಮುಂದೆ ಕೂತಿದ್ದೆವು. ಚಾಮರಾಜನಗರ ಜಿಲ್ಲೆಗಂತೂ ಅದು ಸಿನಿಮಾ ನಟನ ಸಾವಾಗಿರಲಿಲ್ಲ. ಅಣ್ಣಾವ್ರು ಹುಟ್ಟಿದ ಗಾಜನೂರು ನಕ್ಷೆಯ ಪ್ರಕಾರ ಇವತ್ತು ತಮಿಳುನಾಡಿನಲ್ಲಿರಬಹುದು. ಆದರೆ ಆ ಕಡೆಯವರ ಲೆಕ್ಕದಲ್ಲಿ ಅಪ್ಪು ಮನೆ ಹುಡುಗ.

ಆ ದಿನ ಹನೂರು ತಾಲ್ಲೂಕಿನಿಂದ ಸುದ್ದಿ ಬಂತು. ಒಂದು ಹಳ್ಳಿಯ 30 ವರ್ಷದ ಯುವಕ, ಅಪ್ಪು ಅಭಿಮಾನಿ, ಸಾವಿನ ಸುದ್ದಿ ತಿಳಿದು ಕುಸಿದುಬಿದ್ದು ತೀರಿಕೊಂಡಿದ್ದಾರೆ, ಹೃದಯಾಘಾತ ಅಂತ. ನಾನು ಆ ಸಾಲನ್ನು ಓದಿದೆ. ಏಳು ಸೆಕೆಂಡ್ ಇರಬಹುದು. ಆಮೇಲೆ ಮತ್ತೆ ಅದೇ ದೃಶ್ಯಗಳು, ಅದೇ ಕಣ್ಣೀರು, ಅದೇ ಹಿನ್ನೆಲೆ ಸಂಗೀತ. "ಎದೆ ಒಡೆದುಹೋಗುವ ದೃಶ್ಯ ನೋಡಿ" ಅಂತ ಆ ದಿನ ಎಷ್ಟು ಸಲ ಹೇಳಿದ್ದೆನೋ ಲೆಕ್ಕ ಇಟ್ಟಿಲ್ಲ. ಆ ಮಾತಿಗೆ ನಿಜವಾದ ಅರ್ಥ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಒಬ್ಬರ ಸಾವಿಗೆ ದುಃಖವೊಂದೇ ಕಾರಣ ಅಂತ ಯಾವ ವೈದ್ಯರೂ ಟಿವಿ ನೋಡಿ ಹೇಳಲಾರರು, ನಾನೂ ಹೇಳಲ್ಲ. ಆದರೆ ಅವತ್ತಿನಿಂದ ಒಂದು ಪ್ರಶ್ನೆ ಉಳಿದುಕೊಂಡಿತು. ದುಃಖ ಅನ್ನೋದು ಮನಸ್ಸಿನ ವಿಷಯ ತಾನೇ? ಅದು ದೇಹಕ್ಕೆ ಏನು ಮಾಡುತ್ತೆ?

ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು. ಅದನ್ನು ಹೇಳೋಕೆ ನನಗೆ ಸ್ವಲ್ಪ ನಾಚಿಕೆಯೂ ಇದೆ.

ಯಳಂದೂರಿನ ಹತ್ತಿರ ನನ್ನ ಅತ್ತೆ ಇದ್ದಾರೆ, ಅಪ್ಪನ ಅಕ್ಕ. ವಯಸ್ಸು ಅರವತ್ತು ದಾಟಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ. ಬಿಳಿಗಿರಿರಂಗನ ಬೆಟ್ಟದ ದೊಡ್ಡ ಜಾತ್ರೆಗೆ ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ. ಮಾವ ರಾತ್ರಿ ಪಂಪ್‌ಸೆಟ್ ಹಾಕೋಕೆ ಗದ್ದೆಗೆ ಹೋದವರು ವಾಪಸ್ ಬರಲಿಲ್ಲ. ಮೂರನೇ ದಿನ, ಹಾಲು ತುಪ್ಪ ಬಿಟ್ಟು ಬಂದ ಮೇಲೆ, ಅತ್ತೆ ಎದೆ ಹಿಡ್ಕೊಂಡು ಗೋಡೆಗೆ ಒರಗಿದರು. ಉಸಿರು ಸಿಗ್ತಿಲ್ಲ ಅಂದರು. ಮನೆಯವರು ನನಗೆ ಫೋನ್ ಮಾಡಿದರು. ಟಿವಿಯಲ್ಲಿ ಬರ್ತಾನೆ, ಅವನಿಗೆ ಗೊತ್ತಿರುತ್ತೆ ಅಂತ.

ನಾನು ಏನು ಹೇಳಿದೆ ಗೊತ್ತಾ? "ದುಃಖ ಅಷ್ಟೇ. ಮೂರು ದಿನದಿಂದ ಊಟ ಮಾಡಿಲ್ಲ. ಮಜ್ಜಿಗೆ ಕುಡಿಸಿ ಮಲಗಿಸಿ."

ಪುಣ್ಯಕ್ಕೆ ನನ್ನ ಮಾತು ಕೇಳದ ಒಬ್ಬಳು ಅಲ್ಲಿದ್ದಳು, ಕಾಲೇಜಿಗೆ ಹೋಗೋ ಅವರ ಮೊಮ್ಮಗಳು. ಹಠ ಮಾಡಿ ಕಾರ್ ಮಾಡಿಸಿ ಮೈಸೂರಿಗೆ ಕರೆದೊಯ್ದಳು. ಇಸಿಜಿಯಲ್ಲಿ ವ್ಯತ್ಯಾಸ ಬಂತು, ರಕ್ತ ಪರೀಕ್ಷೆಯಲ್ಲೂ ಹೃದಯಕ್ಕೆ ಪೆಟ್ಟು ಬಿದ್ದಿರೋದು ಗೊತ್ತಾಯಿತು. ಹಾರ್ಟ್ ಅಟ್ಯಾಕ್ ಅಂತಲೇ ಆಂಜಿಯೋಗ್ರಾಂ ಮಾಡಿದರು. ನೋಡಿದರೆ ರಕ್ತನಾಳ ಪೂರ್ತಿ ಸ್ವಚ್ಛ. ಎಲ್ಲೂ ಬ್ಲಾಕ್ ಇಲ್ಲ! ಮಾರನೇ ದಿನ ನಾನು ಓಡಿಹೋದಾಗ ವೈದ್ಯರು ಒಂದು ಕಾಗದದ ಮೇಲೆ ಮಡಕೆಯ ಚಿತ್ರ ಬರೆದು ತೋರಿಸಿದರು. ಕತ್ತು ಸಣ್ಣ, ಹೊಟ್ಟೆ ದಪ್ಪ.

ಇದಕ್ಕೆ ಟಾಕೋಟ್ಸುಬೊ ಅಂತ ಹೆಸರು. ಟಾಕೋಟ್ಸುಬೊ ಅಂದ್ರೆ ಜಪಾನಿನಲ್ಲಿ ಆಕ್ಟೋಪಸ್ ಹಿಡಿಯೋಕೆ ಬಳಸುವ ಮಡಕೆ. 1990ರಲ್ಲಿ ಅಲ್ಲಿನ ವೈದ್ಯರೇ ಈ ಹೆಸರು ಕೊಟ್ಟರು. ಭಾರೀ ಆಘಾತ ಬಿದ್ದಾಗ ದೇಹದಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಒಮ್ಮೆಲೇ ನುಗ್ಗುತ್ತವೆ. ಆ ಹೊಡೆತಕ್ಕೆ ಹೃದಯದ ಎಡ ಕೆಳಗೋಣೆಯ ತುದಿಭಾಗ ಕೆಲಸ ನಿಲ್ಲಿಸಿ ಬಲೂನಿನಂತೆ ಉಬ್ಬುತ್ತೆ, ಮೇಲ್ಭಾಗ ಮಾತ್ರ ಬಿಗಿಯಾಗಿ ಮಿಡಿಯುತ್ತೆ. ಸ್ಕ್ಯಾನ್‌ನಲ್ಲಿ ನೋಡಿದರೆ ಹೃದಯ ಅದೇ ಮಡಕೆಯ ಆಕಾರ. ಹತ್ತರಲ್ಲಿ ಒಂಬತ್ತು ಪ್ರಕರಣ ಹೆಂಗಸರಲ್ಲೇ, ಅದರಲ್ಲೂ ಹೆಚ್ಚಾಗಿ ಮುಟ್ಟು ನಿಂತ ಮೇಲೆ. ಬಹುತೇಕರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಮೊದಲ ದಿನಗಳಲ್ಲಿ ಜೀವಕ್ಕೆ ಅಪಾಯವೂ ಇದೆ. ಅದಕ್ಕೇ ಆಸ್ಪತ್ರೆ ಬೇಕು, ಮಜ್ಜಿಗೆ ಸಾಲದು.

ನಾನು ಇಂಜಿನಿಯರಿಂಗ್ ಓದಿದವನು. ನನಗೆ ಅರ್ಥವಾದದ್ದು ಹೀಗೆ. ಸಿಡಿಲು ಬಡಿದ ರಾತ್ರಿ ಲೈನಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರುತ್ತೆ. ಪಂಪ್‌ಸೆಟ್ ಚೆನ್ನಾಗೇ ಇರುತ್ತೆ, ವೈರ್ ಚೆನ್ನಾಗೇ ಇರುತ್ತೆ. ಆದರೂ ಮೋಟರ್ ಸುಡುತ್ತೆ. ತಪ್ಪು ಮೋಟರಿನದಲ್ಲ. ಅತ್ತೆಯ ಹೃದಯದಲ್ಲೂ ದೋಷ ಇರಲಿಲ್ಲ. ಬಂದ ಹೊಡೆತ ಅಂಥದ್ದು.

ಈಗ ಒಂದು ತಮಾಷೆ ನೋಡಿ. ತಮಾಷೆ ಅಂದರೆ ನಗೋ ತಮಾಷೆ ಅಲ್ಲ. ವಿಜ್ಞಾನ ಈಗ ಹೇಳ್ತಿರೋದನ್ನು ನಮ್ಮ ಕನ್ನಡ ಯಾವತ್ತಿನಿಂದಲೋ ಹೇಳಿಕೊಂಡು ಬಂದಿದೆ. ಸಾವಿನ ಮನೆಯಲ್ಲಿ ಕೂತು ಹೆಂಗಸರ ಮಾತು ಕೇಳಿ. "ಗಂಟಲು ಕಟ್ಟಿಹೋಯ್ತು." "ಕರುಳು ಹಿಂಡಿದಂಗಾಯ್ತು." "ಕೈಕಾಲು ತಣ್ಣಗಾದ್ವು." "ಎದೆ ಒಡೆದುಹೋಯ್ತು." ಒಂದಾದರೂ ಮನಸ್ಸಿನ ಹೆಸರು ಹೇಳುತ್ತಾ? ಎಲ್ಲವೂ ದೇಹದ ಅಂಗಗಳೇ.

ಗಂಟಲು ಯಾಕೆ ಕಟ್ಟುತ್ತೆ? ಅಪಾಯ ಬಂದಿದೆ ಅಂದುಕೊಂಡ ನರಮಂಡಲ ಹೆಚ್ಚು ಗಾಳಿ ಬೇಕು ಅಂತ ಗಂಟಲ ಬಾಗಿಲು ತೆರೆದಿಡುತ್ತೆ. ನಾವು ಅಳು ನುಂಗೋಕೆ ನೋಡುತ್ತೇವೆ, ನುಂಗಬೇಕಾದರೆ ಆ ಬಾಗಿಲು ಮುಚ್ಚಬೇಕು. ಎರಡರ ಜಗ್ಗಾಟವೇ ಆ ಉಂಡೆ. ಕರುಳು ಯಾಕೆ ಹಿಂಡುತ್ತೆ? ಓಡೋಕೆ, ಹೋರಾಡೋಕೆ ಬೇಕಾದ ಸ್ನಾಯುಗಳ ಕಡೆ ರಕ್ತ ತಿರುಗುತ್ತೆ, ಹೊಟ್ಟೆಗೆ ಕಡಿಮೆಯಾಗುತ್ತೆ. ಅನ್ನ ಇಳಿಯಲ್ಲ ಅನ್ನೋದು ಅದಕ್ಕೇ. ಕೈಕಾಲು ತಣ್ಣಗಾಗೋದು ಚರ್ಮದ ಹತ್ತಿರದ ಸಣ್ಣ ರಕ್ತನಾಳಗಳು ಬಿಗಿಯಾಗೋದರಿಂದ. ನಿದ್ದೆ ಹಾರಿಹೋಗುವುದರ ಹಿಂದೆ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಕೈವಾಡ ಇದೆ. ರಾತ್ರಿ ಇಳಿಯಬೇಕಾದದ್ದು ಇಳಿಯದೇ ಇದ್ದರೆ ದೇಹ ಕಾವಲು ಕಾಯುತ್ತಲೇ ಇರುತ್ತೆ.

ಇದು ಒಂದೆರಡು ದಿನದ ಮಾತೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 26 ಜನರ ರಕ್ತ ಪರೀಕ್ಷೆ ಮಾಡಿದ ಅಧ್ಯಯನವೊಂದು 1977ರಲ್ಲಿ ಪ್ರಕಟವಾಯಿತು. ಸಾವಾಗಿ ಆರು ವಾರದ ಹೊತ್ತಿಗೆ ಅವರ ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಎದ್ದು ನಿಲ್ಲುವ ಶಕ್ತಿಯೇ ತಗ್ಗಿತ್ತು. "ಅವರು ಹೋದಮೇಲೆ ಇವರಿಗೆ ಒಂದಲ್ಲ ಒಂದು ಕಾಯಿಲೆ" ಅಂತ ನಾವು ಅಂತೀವಲ್ಲ, ಅದು ಸುಮ್ಮನೆ ಅಲ್ಲ. ಬ್ರಿಟನ್ನಿನಲ್ಲಿ 55 ದಾಟಿದ 4,486 ವಿಧುರರ ದಾಖಲೆ ನೋಡಿ 1969ರಲ್ಲಿ ಒಂದು ವರದಿ ಬಂತು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ, ಅದೇ ವಯಸ್ಸಿನ ಹೆಂಡತಿ ಇರುವ ಗಂಡಸರಿಗಿಂತ 40 ಪರ್ಸೆಂಟ್ ಹೆಚ್ಚಿತ್ತು. ಆಮೇಲೆ ನಿಧಾನಕ್ಕೆ ಇಳಿಯಿತು. 2012ರಲ್ಲಿ ಅಮೆರಿಕದಿಂದ ಇನ್ನೊಂದು ಲೆಕ್ಕ. ತೀರಾ ಹತ್ತಿರದವರು ಸತ್ತ ಮೊದಲ 24 ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಮಾಮೂಲಿಗಿಂತ 21 ಪಟ್ಟು. ಮೊದಲ ವಾರದಲ್ಲಿ ಸುಮಾರು ಆರು ಪಟ್ಟು.

ಹೆದರಬೇಡಿ. 21 ಪಟ್ಟು ಅಂದ ತಕ್ಷಣ ಎಲ್ಲರಿಗೂ ಆಗುತ್ತೆ ಅಂತ ಅಲ್ಲ. ಒಂದು ದಿನದ ಮಟ್ಟಿಗೆ ಆ ಸಾಧ್ಯತೆ ಮೂಲದಲ್ಲಿ ತುಂಬ ಚಿಕ್ಕದು, ಚಿಕ್ಕದರ 21 ಪಟ್ಟೂ ಚಿಕ್ಕದೇ. ಅಪ್ಪು ಹೋದಮೇಲೆ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲು ನಿಂತದ್ದು ನಿಮಗೆ ನೆನಪಿರಬೇಕು. ಅಂಥ ಭಯ ಬೇಕಾಗಿಲ್ಲ. ಆದರೆ ಮೊದಲೇ ಹೃದಯದ ತೊಂದರೆ ಇರೋರು ಸಾವಿನ ಮನೆಯಲ್ಲಿದ್ದರೆ ಅವರ ಕಡೆ ಒಂದು ಕಣ್ಣಿರಲಿ. ಗಲಾಟೆಯಲ್ಲಿ ಅವರ ಮಾತ್ರೆ ತಪ್ಪದಿರಲಿ. ಎದೆ ನೋವು, ಬೆವರು, ಎಡಗೈ ಸೆಳೆತ, ಉಸಿರಾಟದ ತೊಂದರೆ ಕಂಡರೆ "ದುಃಖ ಅಷ್ಟೇ" ಅನ್ನಬೇಡಿ. ನಾನು ಅಂದೆ, ತಪ್ಪು ಮಾಡಿದೆ. 108ಕ್ಕೆ ಫೋನ್ ಮಾಡಿ. ದುಃಖವೋ ಹೃದಯವೋ ಅಂತ ವೈದ್ಯರು ಹೇಳಲಿ.

ಇನ್ನು ಎರಡನೇ ಪ್ರಶ್ನೆ. ಇಂಥ ಹೊಡೆತವನ್ನು ನಮ್ಮ ಅಜ್ಜಂದಿರು ಹೇಗೆ ತಡೆದುಕೊಂಡರು?

ಅತ್ತೆ ಮನೆಯಲ್ಲಿ ನಾನು ಅದನ್ನೂ ನೋಡಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಲ್ಲ. ಅಕ್ಕಪಕ್ಕದವರು ಮುದ್ದೆ, ಸಾರು ತರುತ್ತಾರೆ. "ಒಂದು ತುತ್ತು" ಅಂತ ಕೈಗೆ ಕೊಟ್ಟು ಎದುರಿಗೇ ಕೂರುತ್ತಾರೆ. ರಾತ್ರಿ ಒಬ್ಬರೇ ಮಲಗೋಕೆ ಬಿಡಲ್ಲ. ಬಂದವರೆಲ್ಲ ಸತ್ತವರ ಕಥೆ ಹೇಳುತ್ತಾರೆ, ಕೇಳಿದ ಕಥೆಯನ್ನೇ ಮತ್ತೆ ಕೇಳುತ್ತಾರೆ. ಗಟ್ಟಿಯಾಗಿ ಅತ್ತರೆ ಯಾರೂ ಸುಮ್ಮನಿರು ಅನ್ನಲ್ಲ. ಮೂರನೇ ದಿನ ಒಂದು ಕೆಲಸ, ಹನ್ನೊಂದನೇ ದಿನ ಒಂದು ಕೆಲಸ. ಕಾಲೇಜು ದಿನಗಳಲ್ಲಿ ಇದೆಲ್ಲ ನನಗೆ ಮೂಢನಂಬಿಕೆ. ಈಗ ನೋಡಿದರೆ ಊಟ, ನಿದ್ದೆ, ಮಾತು, ಜೊತೆ... ಹೊಡೆತ ತಿಂದ ದೇಹಕ್ಕೆ ವೈದ್ಯರು ಬರೆದುಕೊಡಬೇಕಾದ ಚೀಟಿ ಇದೇ ಅಲ್ವಾ? ಇಂಜಿನಿಯರ್ ಭಾಷೆಯಲ್ಲಿ ಇದು ಅರ್ಥಿಂಗ್. ಸಿಡಿಲನ್ನು ತಡೆಯೋಕಾಗಲ್ಲ. ಅದು ನೆಲಕ್ಕೆ ಇಳಿಯೋ ದಾರಿ ಮಾಡಿಕೊಡಬಹುದು.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಅದೇ ಹನ್ನೊಂದನೇ ದಿನ ಹೆಂಗಸಿನ ಬಳೆ ಒಡೆದು, ಕುಂಕುಮ ಅಳಿಸಿ, ಶುಭಕಾರ್ಯಕ್ಕೆ ಬರಬೇಡ ಅನ್ನೋದೂ ನಮ್ಮಲ್ಲೇ ಇದೆ. ಮುರಿದ ಎದೆಯ ಮೇಲೆ ಇನ್ನೊಂದು ಏಟು ಅದು. ಗಂಡಸರಿಗೆ ಇನ್ನೊಂದು ತರಹದ ಶಿಕ್ಷೆ. "ಗಂಡಸಾಗಿ ಅಳ್ತೀಯಾ?" ಅಂತ. ಜೊತೆಗಿರೋ ಸಂಪ್ರದಾಯ ಇರಲಿ, ಒಂಟಿ ಮಾಡೋ ಸಂಪ್ರದಾಯ ಹೋಗಲಿ.

ಜೊತೆ ಸಿಗದಿದ್ದರೆ ಏನಾಗುತ್ತೆ ಅಂತ ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ಸತ್ತರು ಅಂತ ಸರ್ಕಾರವೇ ಹೇಳಿತು. ಅದು ಕೋವಿಡ್ ಕಾಲ. ಮುಖ ನೋಡುವ ಹಾಗಿಲ್ಲ, ಹೆಗಲು ಕೊಡುವ ಹಾಗಿಲ್ಲ, ಅಕ್ಕಪಕ್ಕದವರು ಬಾಗಿಲಿಗೆ ಬರುವ ಹಾಗಿಲ್ಲ. ಸಿಡಿಲು ಬಡಿಯಿತು, ಅರ್ಥಿಂಗ್ ವೈರ್ ಕಿತ್ತುಹೋಗಿತ್ತು. ಎಷ್ಟೋ ಮನೆಗಳಲ್ಲಿ ಆ ಸಾವು ಇನ್ನೂ ಮುಗಿದಿಲ್ಲ.

ಅದಕ್ಕೂ ಮೊದಲು, 2018ರ ಡಿಸೆಂಬರ್ 14. ಹನೂರು ಭಾಗದ ಸುಳವಾಡಿ. ಮಾರಮ್ಮನ ಪ್ರಸಾದದಲ್ಲಿ ವಿಷ. 17 ಜನರ ಸಾವು. ಎಲ್ಲ ಚಾನೆಲ್‌ಗಳ ಗಾಡಿಗಳೂ ಅಲ್ಲಿದ್ದವು. ಕೆಲವೇ ದಿನದಲ್ಲಿ ಎಲ್ಲ ವಾಪಸ್ ಬಂದವು. ನಾವು ಅಳು ಶುರುವಾದಾಗ ಹೋಗುತ್ತೇವೆ, ದುಃಖ ಶುರುವಾಗುವ ಹೊತ್ತಿಗೆ ಬಂದುಬಿಡುತ್ತೇವೆ. ನೆಂಟರೂ ಹಾಗೇ. ಹನ್ನೊಂದನೇ ದಿನದ ಊಟ ಆಯ್ತು, ಬಸ್ ಹತ್ತಿದೆವು. ಹನ್ನೆರಡನೇ ದಿನ ಬೆಳಗ್ಗೆ ಆ ಮನೆಯಲ್ಲಿ ಯಾರಿರುತ್ತಾರೆ?

ಬಿಳಿಗಿರಿರಂಗನ ಬೆಟ್ಟದ ಮಾತು ಬಂದಿದ್ದರಿಂದ ಸೋಲಿಗರ ಒಂದು ಸಂಗತಿ ಹೇಳಲೇಬೇಕು. ಈ ಕಾಡಿನಲ್ಲಿ ಸೋಲಿಗರ ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಇದ್ದ ಹಾಗೆಯೇ ಕಲ್ಲುಗುಡಿಯೂ ಇರುತ್ತೆ. ಕಲ್ಲುಗುಡಿ ಅಂದ್ರೆ ಸತ್ತ ಹಿರಿಯರ ಕಲ್ಲುಗಳ ಜಾಗ. ಅಂದರೆ ಅವರ ಪಾಲಿಗೆ ಸತ್ತವರು ಎಲ್ಲೋ ಮೇಲೆ ಹೋಗಿಬಿಟ್ಟವರಲ್ಲ. ನೀರಿನ ಹಾಗೆ, ದೇವರ ಹಾಗೆ, ಅದೇ ಕಾಡಿನಲ್ಲಿ ಅವರಿಗೂ ಒಂದು ವಿಳಾಸ ಇದೆ.

1974ರಲ್ಲಿ ಇದು ಅಭಯಾರಣ್ಯವಾಯಿತು. ಒಳಗಿದ್ದ ಪೋಡುಗಳನ್ನು ಹೊರಗೆ ತಂದರು. ಮನೆ ಹೋಯ್ತು, ಹೊಲ ಹೋಯ್ತು ಅಂತ ನಾವು ಲೆಕ್ಕ ಹಾಕಿದೆವು. ಹಿರಿಯರ ಕಲ್ಲಿನ ಹತ್ತಿರ ಹೋಗಿ ಕೂರುವ ದಾರಿ ಹೋದದ್ದನ್ನು ಯಾವ ಲೆಕ್ಕದಲ್ಲೂ ಬರೆಯಲಿಲ್ಲ. ಆಮೇಲೆ ಸೋಲಿಗರೇ ಸಂಶೋಧಕರ ಜೊತೆ ಕಾಡು ಸುತ್ತಿ ಇಂಥ ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2011ರ ಆರಂಭದಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಇವರು ಮೊದಲಿಗರು. ಜೇನು, ನೆಲ್ಲಿಕಾಯಿಯ ಹಕ್ಕಿನ ಬಗ್ಗೆ ಪತ್ರಿಕೆಗಳು ಬರೆದವು. ನನಗೆ ಕಾಣೋದು ಇನ್ನೊಂದು. ದುಃಖಕ್ಕೆ ಕೂರೋಕೆ ಒಂದು ಜಾಗ ಬೇಕು. ನಿಮ್ಮ ಮನೆಯ ಗೋಡೆಯ ಮೇಲಿರೋ ಹಾರ ಹಾಕಿದ ಫೋಟೋ ಕೂಡ ಒಂದು ಕಲ್ಲುಗುಡಿಯೇ.

ಹಾಗಾದರೆ ನಾವೇನು ಮಾಡಬೇಕು? ನಾನು ವೈದ್ಯ ಅಲ್ಲ. ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ಹೇಳ್ತೀನಿ.

ಮೊದಲನೆಯದು, ದುಃಖಕ್ಕೆ ಟೈಮ್‌ಟೇಬಲ್ ಇಲ್ಲ. ಮೊದಲು ನಂಬಲ್ಲ, ಆಮೇಲೆ ಸಿಟ್ಟು, ಕೊನೆಗೆ ಒಪ್ಪಿಕೊಳ್ಳೋದು ಅಂತ ಐದು ಮೆಟ್ಟಿಲಿನ ಕಥೆ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತೆ. 1969ರಲ್ಲಿ ಅದನ್ನು ಬರೆದ ಡಾ. ಎಲಿಜಬೆತ್ ಕ್ಯೂಬ್ಲರ್ ರಾಸ್ ಮಾತಾಡಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು. ಎಲ್ಲರೂ ಆ ಮೆಟ್ಟಿಲು ಹತ್ತಲೇಬೇಕು ಅಂತೇನಿಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಹೇಳಿದ್ದು ನನಗೆ ಹೆಚ್ಚು ನಿಜ ಅನಿಸುತ್ತೆ. ದುಃಖದಲ್ಲಿರುವ ಮನುಷ್ಯ ಉಯ್ಯಾಲೆ ಆಡುತ್ತಾನೆ. ಒಂದು ಗಳಿಗೆ ಸತ್ತವರ ಕಡೆ, ಒಂದು ಗಳಿಗೆ ಬದುಕಿನ ಕಡೆ. ಬೆಳಗ್ಗೆ ಅತ್ತವರು ಮಧ್ಯಾಹ್ನ ಮೊಮ್ಮಗುವಿನ ಜೊತೆ ನಕ್ಕರೆ "ಎಷ್ಟು ಬೇಗ ಮರೆತಳು" ಅನ್ನಬೇಡಿ. ಆ ನಗು ದೇಹ ತೆಗೆದುಕೊಳ್ಳುವ ವಿಶ್ರಾಂತಿ.

ಎರಡನೆಯದು, ದೇಹದಿಂದ ಶುರು ಮಾಡಿ. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪ ಊಟ, ನೀರು. ಬೆಳಗಿನ ಬಿಸಿಲಿನಲ್ಲಿ ಹತ್ತು ನಿಮಿಷ ನಡಿಗೆ. ನಿದ್ದೆಗೆ ಅಂತ ಕುಡಿತದ ದಾರಿ ಹಿಡಿಯಬೇಡಿ. ಅದು ನಿದ್ದೆಯನ್ನೂ ಕೆಡಿಸುತ್ತೆ, ಹೃದಯವನ್ನೂ ಕೆಡಿಸುತ್ತೆ.

ಮೂರನೆಯದು, ಹೋದವರ ಹೆಸರು ಹೇಳಿ. ಹೆಸರು ಎತ್ತಿದರೆ ಅವರಿಗೆ ನೋವಾಗುತ್ತೆ ಅಂತ ನಾವು ಸುಮ್ಮನಾಗುತ್ತೇವೆ. ಅವರು ಮರೆತೇ ಇಲ್ಲವಲ್ಲ, ನೆನಪಿಸೋದು ಎಲ್ಲಿಂದ ಬಂತು?

ನಾಲ್ಕನೆಯದು, ಸಹಾಯ ಯಾವಾಗ ಬೇಕು? ಆರು ತಿಂಗಳು, ವರ್ಷ ಕಳೆದರೂ ಮೊದಲ ದಿನದಷ್ಟೇ ತೀವ್ರವಾಗಿದ್ದು, ಎದ್ದು ಕೆಲಸ ಮಾಡೋಕೆ ಆಗದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಅಂತಲೇ ಗುರುತಿಸಿದೆ. ಅದು ಹುಚ್ಚಲ್ಲ, ದೌರ್ಬಲ್ಯವಲ್ಲ. ಸಾಯಬೇಕು ಅನಿಸಿದರೆ ಮಾತ್ರ ಆರು ನಿಮಿಷವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರೋದೂ ಇದಕ್ಕೇ.

ಐದನೆಯದು ನಮಗೆ, ಟಿವಿಯವರಿಗೆ. ಒಂದೇ ಸಾವಿನ ಒಂದೇ ದೃಶ್ಯವನ್ನು ದಿನವಿಡೀ ತಿರುಗಿಸಿದರೆ, ನೋಡುವವರ ದೇಹ ಪ್ರತಿಸಲವೂ ಅದಕ್ಕೆ ಪ್ರತಿಕ್ರಿಯಿಸಬಹುದು. ರಿಮೋಟ್ ನಿಮ್ಮ ಕೈಯಲ್ಲಿದೆ. ಸಾಕು ಅನಿಸಿದಾಗ ಆಫ್ ಮಾಡಿ. ಈ ಮಾತನ್ನು ನಿರೂಪಕನೇ ಹೇಳಬಾರದೇನೋ, ಆದರೂ ಹೇಳ್ತಿದ್ದೀನಿ. ಹನೂರಿನ ಆ ಸ್ಕ್ರಾಲ್ ಓದಿದ ಸಾಲ ನನ್ನ ಮೇಲಿದೆ.

ಅತ್ತೆ ಈಗ ಚೆನ್ನಾಗಿದ್ದಾರೆ. ಎರಡು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿದಾಗ ಹೃದಯ ತನ್ನ ಆಕಾರಕ್ಕೆ ಬಂದಿತ್ತು. "ಮಡಕೆ ಹೋಯ್ತಂತೆ ಕಣೋ" ಅಂತ ಫೋನಿನಲ್ಲಿ ನಕ್ಕರು. ದುಃಖ ಹೋಯ್ತಾ ಅಂತ ಕೇಳಿದೆ. "ಅದೆಲ್ಲಿಗೆ ಹೋಗುತ್ತೆ? ಈಗ ಅದೂ ನಂಜೊತೆ ಎದ್ದು, ನಂಜೊತೆ ಮಲಗುತ್ತೆ. ಮೊದಲಿನಂಗೆ ಮೇಲೆ ಬೀಳಲ್ಲ" ಅಂದರು. ಆ ವರ್ಷದ ದೊಡ್ಡ ಜಾತ್ರೆಗೆ ಮೊಮ್ಮಗಳ ಕೈ ಹಿಡಿದು ಬೆಟ್ಟಕ್ಕೂ ಹೋಗಿ ಬಂದರು.

ಕೊನೆಗೆ ಒಂದೇ ಕೆಲಸ ಕೇಳ್ತೀನಿ. ನಿಮಗೆ ಗೊತ್ತಿರೋ ಯಾವುದಾದರೂ ಮನೆಯಲ್ಲಿ ಸಾವಾಗಿ ಒಂದು ತಿಂಗಳಾಗಿದೆಯಾ? ಎರಡು ತಿಂಗಳು? ನೆಂಟರೆಲ್ಲ ಹೋಗಿ ಆಗಿರುತ್ತೆ, ಫೋನ್‌ಗಳು ನಿಂತಿರುತ್ತವೆ. ಇವತ್ತು ಒಂದು ಸಲ ಹೋಗಿ ಬನ್ನಿ. ಸಮಾಧಾನ ಹೇಳಬೇಕಾಗಿಲ್ಲ. "ಊಟ ಆಯ್ತಾ?" ಅಂತ ಕೇಳಿ, ಪಕ್ಕದಲ್ಲಿ ಕೂತರೆ ಸಾಕು.